ಯುರೇನಿಯಂಗೆ ಬಡಿದ ನ್ಯೂಟ್ರಾನ್ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ?

ಯುರೇನಿಯಂ-238 ಲೋಹವನ್ನು ಎಷ್ಟೇ ದೊಡ್ಡ ರಾಶಿ ಹಾಕಿದರೂ ಅದರಲ್ಲಿ ಸರಪಳಿ ಕ್ರಿಯೆ ನಡೆಯುವುದಿಲ್ಲ. ಸ್ವಲ್ಪ ಯೋಚಿಸಿ ನೋಡಿದರೆ ಇದು ಅಚ್ಚರಿಯ ಸಂಗತಿ. ವಿದಳನದಲ್ಲಿ ಹೊರಬೀಳುವ ನ್ಯೂಟ್ರಾನ್‌ಗಳ ಸರಾಸರಿ ಶಕ್ತಿ ಸುಮಾರು 2 ಎಂಇವಿ, ಅಂದರೆ ಇಪ್ಪತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್. ಯುರೇನಿಯಂ-238ರ ನ್ಯೂಕ್ಲಿಯಸ್ ಒಡೆಯಲು 1 ಎಂಇವಿಗಿಂತ ತುಸು ಹೆಚ್ಚು ಶಕ್ತಿ ಇದ್ದರೆ ಸಾಕು. ಒಂದು ನ್ಯೂಕ್ಲಿಯಸ್ ಒಡೆದರೆ ಎರಡಕ್ಕಿಂತ ಹೆಚ್ಚು ಹೊಸ ನ್ಯೂಟ್ರಾನ್‌ಗಳು ಹುಟ್ಟುತ್ತವೆ. ಹಾಗಿದ್ದೂ ಕ್ರಿಯೆ ಎರಡು ಮೂರು ಪೀಳಿಗೆಯಲ್ಲೇ ನಂದಿಹೋಗುತ್ತದೆ. ಏಕೆಂದರೆ ಹುಟ್ಟಿದ ನ್ಯೂಟ್ರಾನ್‌ಗಳಲ್ಲಿ ಬಹುಪಾಲು ಯಾವ ನ್ಯೂಕ್ಲಿಯಸ್ಸನ್ನೂ ಒಡೆಯುವ ಮೊದಲೇ ಇನ್ನೊಂದಕ್ಕೆ ಬಡಿದು, ಅದಕ್ಕೆ ತಮ್ಮ ಶಕ್ತಿಯ ಒಂದು ಪಾಲನ್ನು ಕೊಟ್ಟು, ವಿದಳನದ ಹೊಸ್ತಿಲಿಗಿಂತ ಕೆಳಗೆ ಜಾರುತ್ತವೆ. ಇದಕ್ಕೆ ಅಸ್ಥಿತಿಸ್ಥಾಪಕ ಚದುರಿಕೆ ಎಂದು ಹೆಸರು. 2 ಎಂಇವಿಯ ನ್ಯೂಟ್ರಾನ್ ಯುರೇನಿಯಂ-238ರಲ್ಲಿ ಹೀಗೆ ಚದುರುವ ಸಾಧ್ಯತೆ, ಅದನ್ನು ಒಡೆಯುವ ಸಾಧ್ಯತೆಯ ಸುಮಾರು ಐದು ಪಟ್ಟು.

ಈ ವಿವರಣೆ ಹೊಸದಲ್ಲ. 1943ರ ಏಪ್ರಿಲ್‌ನಲ್ಲಿ ಲಾಸ್ ಅಲಾಮೋಸ್‌ಗೆ ಬಂದಿಳಿದ ವಿಜ್ಞಾನಿಗಳಿಗೆ ರಾಬರ್ಟ್ ಸರ್ಬರ್ ಕೊಟ್ಟ ಪರಿಚಯ ಉಪನ್ಯಾಸಗಳಲ್ಲೇ, ಸಾಮಾನ್ಯ ಯುರೇನಿಯಂ ಏಕೆ ಸಿಡಿಯುವುದಿಲ್ಲ ಎಂಬುದಕ್ಕೆ ಇದೇ ಕಾರಣ ಹೇಳಲಾಗಿತ್ತು. ಅಂದಿನಿಂದ ಎಂಟು ದಶಕಗಳು ಕಳೆದಿವೆ. ಕಾರಣ ಗೊತ್ತಿದೆ, ಆದರೆ ಅಳತೆ ಪೂರ್ತಿ ಕೈಗೆ ಬಂದಿಲ್ಲ. ಯಾವ ಶಕ್ತಿಯ ನ್ಯೂಟ್ರಾನ್ ಎಷ್ಟು ಸಲ, ಯಾವ ಕೋನಕ್ಕೆ, ಎಷ್ಟು ಶಕ್ತಿ ಬಿಟ್ಟುಕೊಟ್ಟು ಚದುರುತ್ತದೆ ಎಂಬ ಪಟ್ಟಿಯನ್ನು ರಿಯಾಕ್ಟರ್ ವಿನ್ಯಾಸಕಾರರು ಕೇಳುವ ನಿಖರತೆಯಲ್ಲಿ ಇವತ್ತಿಗೂ ಯಾರೂ ನೇರ ಅಳತೆಯಿಂದ ಕೊಟ್ಟಿಲ್ಲ. 2008ರಲ್ಲಿ ಒಇಸಿಡಿ ದೇಶಗಳ ಪರಮಾಣು ಶಕ್ತಿ ಸಂಸ್ಥೆಯ ಒಂದು ತಂಡ, ಮುಂದಿನ ಪೀಳಿಗೆಯ ಫಾಸ್ಟ್ ರಿಯಾಕ್ಟರ್‌ಗಳಿಗೆ ಯಾವ ದತ್ತಾಂಶ ಎಷ್ಟು ಖಚಿತವಿರಬೇಕು ಎಂದು ಲೆಕ್ಕ ಹಾಕಿತು. ಯುರೇನಿಯಂ-238ರ ಅಸ್ಥಿತಿಸ್ಥಾಪಕ ಚದುರಿಕೆಯಲ್ಲಿ ಆಗ ಇದ್ದ ಅನಿಶ್ಚಿತತೆ ಶೇ 10ರಿಂದ 20. ಬೇಕಾಗಿದ್ದುದು ಶೇ 2ರಿಂದ 3. ನಡುವಿನ ಅಂತರ ಕಿರಿದಾಗುತ್ತಿದೆ, ಮುಚ್ಚಿಲ್ಲ. ಅದು ಏಕೆ ಮುಚ್ಚಿಲ್ಲ, ಮುಚ್ಚಲು ಯಾರು ಏನು ಮಾಡಿದ್ದಾರೆ, ಯಾವ ದಾರಿ ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಕೆಲಸ.

ಚದುರಿಕೆಯಲ್ಲಿ ಎರಡು ಬಗೆ. ಮೊದಲನೆಯದು ಸ್ಥಿತಿಸ್ಥಾಪಕ ಚದುರಿಕೆ. ಗೋಲಿಯನ್ನು ರುಬ್ಬುಗುಂಡಿಗೆ ಹೊಡೆದರೆ ಗೋಲಿ ಬೇರೆ ದಿಕ್ಕಿಗೆ ಚಿಮ್ಮುತ್ತದೆ, ಗುಂಡು ಅಲುಗಿದ್ದೂ ಕಾಣುವುದಿಲ್ಲ. ಭಾರದ ನ್ಯೂಕ್ಲಿಯಸ್ಸಿಗೆ ನ್ಯೂಟ್ರಾನ್ ಬಡಿದಾಗಲೂ ಹಾಗೆಯೇ. ಹೈಡ್ರೋಜನ್‌ಗೆ ಬಡಿದ ನ್ಯೂಟ್ರಾನ್ ಸರಾಸರಿ ಅರ್ಧ ಶಕ್ತಿ ಕಳೆದುಕೊಂಡರೆ, ಯುರೇನಿಯಂ-238ಕ್ಕೆ ಬಡಿದದ್ದು ನೇರ ಹಿಂದಕ್ಕೆ ಪುಟಿದರೂ ಶೇ 1.7ಕ್ಕಿಂತ ಹೆಚ್ಚು ಕಳೆದುಕೊಳ್ಳಲಾರದು. ಸೀಸ-208ರಲ್ಲಿ ಈ ಗರಿಷ್ಠ ನಷ್ಟ ಶೇ 1.9. ಎರಡನೆಯ ಬಗೆಯಲ್ಲಿ ನ್ಯೂಕ್ಲಿಯಸ್ ಒಳಗೇ ಉದ್ರೇಕಗೊಳ್ಳುತ್ತದೆ: ತನ್ನ ಶಕ್ತಿ ಮಟ್ಟಗಳಲ್ಲಿ ಒಂದಕ್ಕೆ ಏರುತ್ತದೆ, ಅದಕ್ಕೆ ಬೇಕಾದಷ್ಟನ್ನು ನ್ಯೂಟ್ರಾನ್‌ನಿಂದ ಕಿತ್ತುಕೊಳ್ಳುತ್ತದೆ, ಆಮೇಲೆ ಗ್ಯಾಮಾ ಕಿರಣ ಹೊರಸೂಸಿ ಇಳಿಯುತ್ತದೆ. ಹಾಗಾಗಿ ಭಾರ ಲೋಹದಲ್ಲಿ ನ್ಯೂಟ್ರಾನ್ ಗಮನಾರ್ಹವಾಗಿ ನಿಧಾನವಾಗುವುದಿದ್ದರೆ ಅದು ಈ ಎರಡನೆಯ ದಾರಿಯಿಂದಲೇ. ನ್ಯೂಕ್ಲಿಯಸ್ಸಿನ ಮಟ್ಟಗಳು ಎಲ್ಲೆಲ್ಲಿವೆ ಎಂಬುದೇ ಇಲ್ಲಿ ನಿರ್ಣಾಯಕ.

ಸೀಸ-208 ಮತ್ತು ಯುರೇನಿಯಂ-238 ಬೇರೆಯಾಗುವುದು ಇಲ್ಲೇ. ಸೀಸ-208ರಲ್ಲಿ 82 ಪ್ರೋಟಾನ್, 126 ನ್ಯೂಟ್ರಾನ್. ಎರಡೂ ಕವಚಗಳು ಭರ್ತಿ. ಗೋಳಾಕಾರದ, ಬಿಗಿಯಾದ ನ್ಯೂಕ್ಲಿಯಸ್ ಅದು. ಅದರ ಮೊದಲ ಉದ್ರೇಕಿತ ಮಟ್ಟ 2.6 ಎಂಇವಿಯಷ್ಟು ಮೇಲಿದೆ. ಅದಕ್ಕಿಂತ ಕಡಿಮೆ ಶಕ್ತಿಯ ನ್ಯೂಟ್ರಾನ್ ಅದರಿಂದ ಬಹುಮಟ್ಟಿಗೆ ಹಾಗೆಯೇ ಚಿಮ್ಮಿ ಬರುತ್ತದೆ. ಯುರೇನಿಯಂ-238 ಉದ್ದಕ್ಕೆ ಎಳೆದಂಥ ಆಕಾರದ್ದು, ಇಡಿಯಾಗಿ ತಿರುಗಬಲ್ಲದು. ತಿರುಗಲು ಹೆಚ್ಚು ಶಕ್ತಿ ಬೇಡ: ಮೊದಲ ಮಟ್ಟ ಕೇವಲ 45 ಕೆಇವಿ (45 ಸಾವಿರ ಎಲೆಕ್ಟ್ರಾನ್ ವೋಲ್ಟ್), ಎರಡನೆಯದು 148, ಮೂರನೆಯದು 307. ಅವುಗಳ ಮೇಲೆ ಮಟ್ಟಗಳು ಒತ್ತೊತ್ತಾಗಿ ಬರುತ್ತಾ 1 ಎಂಇವಿ ದಾಟಿದ ಮೇಲೆ ಒಂದರಿಂದ ಒಂದನ್ನು ಬಿಡಿಸಿ ನೋಡುವುದೇ ಕಷ್ಟವಾಗುತ್ತದೆ.

ಇದನ್ನು ಅಳೆಯುವುದು ಹೇಗೆ? ನ್ಯೂಟ್ರಾನ್‌ಗೆ ವಿದ್ಯುದಾವೇಶವಿಲ್ಲ. ಅಯಸ್ಕಾಂತದಿಂದ ಅದರ ದಾರಿ ಬಾಗಿಸಿ ಶಕ್ತಿ ಅಳೆಯಲಾಗದು. ಉಳಿಯುವುದು ಗಡಿಯಾರ. ವೇಗವರ್ಧಕದಿಂದ ಪ್ರೋಟಾನ್‌ಗಳನ್ನು ಒಂದು ನ್ಯಾನೊಸೆಕೆಂಡಿನಷ್ಟು ಕಿರಿದಾದ ತುಣುಕುಗಳಲ್ಲಿ ಲಿಥಿಯಂ ಅಥವಾ ಟ್ರೀಷಿಯಂ ಗುರಿಗೆ ಹೊಡೆದು, ಹೆಚ್ಚುಕಡಿಮೆ ಒಂದೇ ಶಕ್ತಿಯ ನ್ಯೂಟ್ರಾನ್‌ಗಳನ್ನು ಹುಟ್ಟಿಸುತ್ತಾರೆ. ಅವು ಒಂದು ಸಣ್ಣ ಯುರೇನಿಯಂ ಸಿಲಿಂಡರಿಗೆ ಬಡಿದು ಚದುರುತ್ತವೆ. ಕೆಲವು ಮೀಟರ್ ದೂರದಲ್ಲಿ ಡಿಟೆಕ್ಟರ್ ಕಾಯುತ್ತಿರುತ್ತದೆ. ಹೊರಟದ್ದಕ್ಕೂ ತಲುಪಿದ್ದಕ್ಕೂ ನಡುವಿನ ಸಮಯದಿಂದ ವೇಗ, ವೇಗದಿಂದ ಶಕ್ತಿ. ಹಾರಾಟಕಾಲ ವಿಧಾನ ಎನ್ನುವ ಇದು ಓದಲು ಸರಳ.

ಸ್ವಲ್ಪ ಹತ್ತಿರ ಹೋಗಿ ನೋಡೋಣ. 2 ಎಂಇವಿ ನ್ಯೂಟ್ರಾನ್‌ನ ವೇಗ ಸೆಕೆಂಡಿಗೆ ಸುಮಾರು 19,500 ಕಿಲೋಮೀಟರ್. ಡಿಟೆಕ್ಟರ್ 5 ಮೀಟರ್ ದೂರದಲ್ಲಿದ್ದರೆ ಅದು 256 ನ್ಯಾನೊಸೆಕೆಂಡಿನಲ್ಲಿ ತಲುಪುತ್ತದೆ. ಯುರೇನಿಯಂ-238ರ ಮೊದಲ ಮಟ್ಟವನ್ನು ಉದ್ರೇಕಿಸಿ 45 ಕೆಇವಿ ಕಳೆದುಕೊಂಡ ನ್ಯೂಟ್ರಾನ್ ತಲುಪುವುದು ಅದಕ್ಕಿಂತ ಬರೀ 3 ನ್ಯಾನೊಸೆಕೆಂಡ್ ತಡವಾಗಿ. ಈ ಮೂರರಲ್ಲಿ ಪ್ರೋಟಾನ್ ತುಣುಕಿನ ಅಗಲಕ್ಕೇ ಒಂದು ಹೋಯಿತು. ಎರಡು ಸೆಂಟಿಮೀಟರ್ ದಪ್ಪದ ಯುರೇನಿಯಂ ಮಾದರಿಯಲ್ಲಿ ಚದುರಿಕೆ ಈಚೆ ಅಂಚಿನಲ್ಲಿ ಆಯಿತೋ ಆಚೆ ಅಂಚಿನಲ್ಲಿ ಆಯಿತೋ ಗೊತ್ತಿಲ್ಲ. ಅಲ್ಲಿ ಸುಮಾರು ಇನ್ನೊಂದು. ಡಿಟೆಕ್ಟರಿನ ದಪ್ಪದಲ್ಲಿ ಅದು ಎಲ್ಲಿ ಮಿಂಚು ಹೊಮ್ಮಿಸಿತು ಎಂಬುದರಲ್ಲಿ ಮತ್ತೊಂದು. ಮೂಲದ ಗುರಿಯೊಳಗೆ ಪ್ರೋಟಾನ್ ಎಷ್ಟು ಆಳಕ್ಕೆ ಹೋಗಿ ನ್ಯೂಟ್ರಾನ್ ಹುಟ್ಟಿಸಿತು ಎಂಬುದರ ಮೇಲೆ ನ್ಯೂಟ್ರಾನ್‌ನ ಆರಂಭದ ಶಕ್ತಿಯೇ ಕೆಲವು ಹತ್ತು ಕೆಇವಿ ಆಚೀಚೆ ಆಗುತ್ತದೆ. ಕೊನೆಗೆ ಉಳಿಯುವುದು ಸ್ಥಿತಿಸ್ಥಾಪಕ ಚದುರಿಕೆಯ ಒಂದು ದೊಡ್ಡ ಶಿಖರ, ಅದರ ಪಕ್ಕೆಗೆ ಅಂಟಿಕೊಂಡ ಒಂದು ಉಬ್ಬು. ಆ ಉಬ್ಬನ್ನು ಬಿಡಿಸಿ ತೆಗೆಯುವುದೇ ಅಳತೆ. 1 ಎಂಇವಿಯಲ್ಲಿ ಇದೇ ದೂರಕ್ಕೆ ಅಂತರ 8 ನ್ಯಾನೊಸೆಕೆಂಡ್ ಆಗುತ್ತದೆ, ಕೆಲಸ ಹಗುರವಾಗುತ್ತದೆ. ಮೇಲೆ ಹೋದಂತೆ ದಾರಿ ಮುಚ್ಚುತ್ತಾ ಬರುತ್ತದೆ.

ಡಿಟೆಕ್ಟರನ್ನು ದೂರ ಸರಿಸಿದರೆ ಆಗದೇ ಎಂದು ಕೇಳಬಹುದು. ದೂರ ಎರಡು ಪಟ್ಟಾದರೆ ಸಮಯದ ಅಂತರವೂ ಎರಡು ಪಟ್ಟಾಗುತ್ತದೆ, ಆದರೆ ಸಿಗುವ ನ್ಯೂಟ್ರಾನ್‌ಗಳು ಕಾಲು ಭಾಗಕ್ಕೆ ಇಳಿಯುತ್ತವೆ. ಮಾದರಿಯನ್ನು ತೆಳುವು ಮಾಡಿದರೂ ಇದೇ ಪಾಡು. ದಪ್ಪ ಮಾಡಿದರೆ ಬೇರೆ ತೊಂದರೆ: ಯುರೇನಿಯಂ ಲೋಹದಲ್ಲಿ ಇಂಥ ನ್ಯೂಟ್ರಾನ್ ಸರಾಸರಿ 3 ಸೆಂಟಿಮೀಟರಿಗೊಮ್ಮೆ ಡಿಕ್ಕಿ ಹೊಡೆಯುತ್ತದೆ. ಒಂದು ಸಲ ಚದುರಿದ ನ್ಯೂಟ್ರಾನ್ ಹೊರಬರುವ ಮುನ್ನ ಮತ್ತೊಂದು ಸಲ ಚದುರುವುದು ಆ ಗಾತ್ರದ ಮಾದರಿಯಲ್ಲಿ ಮಾಮೂಲು. ಅದನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಕಳೆಯಬೇಕು. ಕಳೆಯಲು ಚದುರಿಕೆಯ ದತ್ತಾಂಶವೇ ಬೇಕು. ಅಂದರೆ ಹುಡುಕುತ್ತಿರುವ ಉತ್ತರವನ್ನು ಒಂದಿಷ್ಟು ಊಹಿಸಿಕೊಂಡು, ಫಲಿತಾಂಶದಿಂದ ಆ ಊಹೆಯನ್ನು ತಿದ್ದಿ, ಮತ್ತೆ ಲೆಕ್ಕ ಹಾಕಬೇಕು. ಇದರ ಜೊತೆಗೆ ಮಾದರಿಯೊಳಗೇ ನಡೆಯುವ ವಿದಳನದ ನ್ಯೂಟ್ರಾನ್‌ಗಳು ಎಲ್ಲ ಶಕ್ತಿಗಳಲ್ಲೂ ಬೆರೆತು ಹಿನ್ನೆಲೆಯನ್ನು ಎತ್ತುತ್ತವೆ. ಮೂಲದಿಂದ ನೇರ ಡಿಟೆಕ್ಟರಿಗೆ ನುಗ್ಗುವವನ್ನು ತಡೆಯಲು ತಾಮ್ರದ ಅಥವಾ ಟಂಗ್‌ಸ್ಟನ್‌ನ ದಪ್ಪ ದಿಂಡನ್ನು ಅಡ್ಡ ಇಡುತ್ತಾರೆ. ಮಾದರಿ ಇಟ್ಟು ಒಮ್ಮೆ, ತೆಗೆದು ಒಮ್ಮೆ ಎಣಿಸುತ್ತಾರೆ. ಕೊನೆಗೆ ಅದೇ ಜಾಗದಲ್ಲಿ ಪಾಲಿಥೀನ್ ತುಂಡು ಇಟ್ಟು ಹೈಡ್ರೋಜನ್‌ನಿಂದ ಚದುರಿದ್ದನ್ನು ಎಣಿಸುತ್ತಾರೆ. ಹೈಡ್ರೋಜನ್‌ನ ಚದುರಿಕೆ ಶೇ 1ರೊಳಗೆ ಗೊತ್ತಿರುವುದರಿಂದ ಅದೇ ಅಳತೆಗೋಲು. ಡಿಟೆಕ್ಟರ್ ಯಾವ ಶಕ್ತಿಯಲ್ಲಿ ನೂರಕ್ಕೆ ಎಷ್ಟು ನ್ಯೂಟ್ರಾನ್ ಹಿಡಿಯುತ್ತದೆ ಎಂದು ತಿಳಿಯಲು ತಾನಾಗಿ ವಿದಳನಗೊಳ್ಳುವ ಕ್ಯಾಲಿಫೋರ್ನಿಯಂ-252ರ ನೆರವು ಪಡೆಯುತ್ತಾರೆ.

ಇಷ್ಟೆಲ್ಲ ಅಡೆತಡೆ ಇದ್ದೂ ಈ ಉಬ್ಬನ್ನು ಬಿಡಿಸಿದವರಿದ್ದಾರೆ. ಅಮೆರಿಕದ ಅರ್ಗಾನ್ ಪ್ರಯೋಗಾಲಯದಲ್ಲಿ ಅಲನ್ ಸ್ಮಿತ್ ಮತ್ತು ಸಂಗಡಿಗರು, ಮ್ಯಾಸಚೂಸೆಟ್ಸ್‌ನ ಲೊವೆಲ್ ವಿಶ್ವವಿದ್ಯಾಲಯದ ತಂಡ, ಫ್ರಾನ್ಸಿನ ಬ್ರುಯೇರ್-ಲೆ-ಶಾತೆಲ್‌ನಲ್ಲಿ ಹವಾ ಮತ್ತಿತರರು ಕಳೆದ ಶತಮಾನದ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಮಾಡಿದ ಕೆಲಸವೇ ಇಂದಿಗೂ ಈ ವಿಷಯದ ತಳಪಾಯ. 1982ರಲ್ಲಿ ಪ್ರಕಟವಾದ ಫ್ರೆಂಚರ ಅಳತೆಗಳಲ್ಲಿ ಥೋರಿಯಂ-232, ಯುರೇನಿಯಂನ ಮೂರು ಐಸೊಟೋಪುಗಳು, ಪ್ಲುಟೋನಿಯಂನ ಎರಡು ಇದ್ದವು. ಶಕ್ತಿಯ ವ್ಯಾಪ್ತಿ 0.6ರಿಂದ 3.4 ಎಂಇವಿ. ನಲವತ್ತು ವರ್ಷದ ಹಿಂದಿನ ಎಲೆಕ್ಟ್ರಾನಿಕ್ಸ್‌ನಲ್ಲಿ ಇಂಥ ಅಳತೆ ಸಾಧಿಸಿದವರ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಆದರೂ ಈ ಗುಂಪುಗಳ ಫಲಿತಾಂಶಗಳು ಪರಸ್ಪರ ಎಲ್ಲ ಕಡೆ ಹೊಂದುವುದಿಲ್ಲ. ಕೆಲವು ಮಟ್ಟಗಳಲ್ಲಿ ವ್ಯತ್ಯಾಸ ಪ್ರತಿಯೊಬ್ಬರೂ ಹೇಳಿಕೊಂಡ ಅನಿಶ್ಚಿತತೆಗಿಂತ ಹೆಚ್ಚು.

ನ್ಯೂಟ್ರಾನ್‌ನ ಬೆನ್ನು ಹತ್ತುವ ಬದಲು ನ್ಯೂಕ್ಲಿಯಸ್ ಹೊರಸೂಸುವ ಗ್ಯಾಮಾ ಕಿರಣವನ್ನು ಹಿಡಿಯುವುದು ಇನ್ನೊಂದು ದಾರಿ. ಜರ್ಮೇನಿಯಂ ಡಿಟೆಕ್ಟರುಗಳು ಗ್ಯಾಮಾ ಶಕ್ತಿಯನ್ನು ಅತ್ಯಂತ ಸೂಕ್ಷ್ಮವಾಗಿ ಬಿಡಿಸುತ್ತವೆ. ಒಂದೊಂದು ಗೆರೆಯೂ ಒಂದೊಂದು ಮಟ್ಟದ ಸಾಕ್ಷಿ. ಬೆಲ್ಜಿಯಂನ ಗೀಲ್‌ನಲ್ಲಿರುವ ಗೆಲಿನಾ ಎಲೆಕ್ಟ್ರಾನ್ ವೇಗವರ್ಧಕದಲ್ಲಿ ಸ್ಟ್ರಾಸ್‌ಬರ್ಗ್‌ನ ತಂಡ ಇದೇ ವಿಧಾನದಲ್ಲಿ ಯುರೇನಿಯಂ, ಥೋರಿಯಂ, ಟಂಗ್‌ಸ್ಟನ್‌ಗಳನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದಿದೆ. ಯುರೇನಿಯಂ-238ರ ಅವರ ಫಲಿತಾಂಶಗಳು 2021ರಲ್ಲಿ ಬಂದವು. ಮೇಲಿನ ಮಟ್ಟಗಳ ಬಗ್ಗೆ ನಮಗೀಗ ಗೊತ್ತಿರುವುದರಲ್ಲಿ ದೊಡ್ಡ ಪಾಲು ಇಂಥ ಕೆಲಸದ್ದು. ಆದರೆ ಎಲ್ಲಕ್ಕಿಂತ ಹೆಚ್ಚು ಸಲ ಉದ್ರೇಕಗೊಳ್ಳುವ ಆ 45 ಕೆಇವಿ ಮಟ್ಟ ಮಾತ್ರ ಈ ದಾರಿಯಲ್ಲಿ ಕಾಣುವುದೇ ಇಲ್ಲ. ಅಲ್ಲಿಂದ ಇಳಿಯುವ ನ್ಯೂಕ್ಲಿಯಸ್ ತನ್ನ ಶಕ್ತಿಯನ್ನು ಗ್ಯಾಮಾ ಆಗಿ ಬಿಡುವ ಬದಲು ತನ್ನ ಸುತ್ತಲ ಎಲೆಕ್ಟ್ರಾನ್ ಒಂದಕ್ಕೆ ಕೊಟ್ಟುಬಿಡುತ್ತದೆ. ಸುಮಾರು 600 ಸಲ ಎಲೆಕ್ಟ್ರಾನ್ ಹೊರಬಿದ್ದರೆ ಒಂದು ಸಲ ಗ್ಯಾಮಾ. ಆ ಒಂದು ಗ್ಯಾಮಾ ಕೂಡ ದುರ್ಬಲವಾದ್ದರಿಂದ ಯುರೇನಿಯಂ ಲೋಹದೊಳಗೇ ಹೀರಿಹೋಗುತ್ತದೆ. 148 ಕೆಇವಿ ಮಟ್ಟದಲ್ಲೂ ಬಹುಪಾಲು ಎಲೆಕ್ಟ್ರಾನ್‌ಗಳೇ ಹೊರಬೀಳುತ್ತವೆ. ಹೀಗಾಗಿ ಗ್ಯಾಮಾ ವಿಧಾನದಿಂದ ಒಟ್ಟು ಅಸ್ಥಿತಿಸ್ಥಾಪಕ ಚದುರಿಕೆ ಬೇಕೆಂದರೆ ಕಾಣದ ಭಾಗವನ್ನು ಸಿದ್ಧಾಂತದಿಂದ ತುಂಬಲೇಬೇಕು.

ಸಿದ್ಧಾಂತ ಎಲ್ಲಿಯವರೆಗೆ ಬಂದಿದೆ? ಇದರ ಕಥೆ ಆರಂಭವಾಗುವುದು 1952ರಲ್ಲಿ, ವಿಸ್ಕಾನ್ಸಿನ್‌ನಲ್ಲಿ. ಹೆನ್ರಿ ಬಾರ್ಶಲ್ ಬೇರೆ ಬೇರೆ ಧಾತುಗಳ ಒಟ್ಟು ಕ್ರಾಸ್ ಸೆಕ್ಷನ್, ಅಂದರೆ ನ್ಯೂಟ್ರಾನ್‌ಗೆ ಆ ನ್ಯೂಕ್ಲಿಯಸ್ ಒಡ್ಡುವ ಪರಿಣಾಮಕಾರಿ ವಿಸ್ತೀರ್ಣವನ್ನು ಅಳೆದು ಸಾಲಾಗಿ ಇಟ್ಟಾಗ, ಅದರಲ್ಲಿ ಯಾರೂ ನಿರೀಕ್ಷಿಸದ ಅಗಲವಾದ ಏರಿಳಿತಗಳು ಕಂಡವು. ನ್ಯೂಟ್ರಾನ್ ಒಳಹೊಕ್ಕ ಕೂಡಲೇ ನುಂಗಿಹೋಗುತ್ತದೆ ಎಂಬ ಆವರೆಗಿನ ನಂಬಿಕೆಗೆ ಇದು ಹೊಂದಲಿಲ್ಲ. 1954ರಲ್ಲಿ ಫೆಶ್‌ಬಾಕ್, ಪೋರ್ಟರ್, ವೈಸ್‌ಕಾಫ್ ಮೂವರೂ ಸೇರಿ ಇದನ್ನು ಬಿಡಿಸಿದರು: ನ್ಯೂಕ್ಲಿಯಸ್ ನ್ಯೂಟ್ರಾನ್ ಅಲೆಗೆ ಅರೆಪಾರದರ್ಶಕ, ಒಂದಿಷ್ಟನ್ನು ಬಾಗಿಸಿ ಹೊರಬಿಡುತ್ತದೆ, ಒಂದಿಷ್ಟನ್ನು ಹೀರುತ್ತದೆ. ಅವರ ಆಪ್ಟಿಕಲ್ ಮಾದರಿಯೇ ಇಂದಿನ ಎಲ್ಲ ಲೆಕ್ಕಗಳ ಆಧಾರ. ಯುರೇನಿಯಂನಂಥ ಉದ್ದನೆಯ ನ್ಯೂಕ್ಲಿಯಸ್ಸಿಗೆ ಬಂದಾಗ ತಿರುಗುವ ಮಟ್ಟಗಳನ್ನೆಲ್ಲ ಒಟ್ಟಿಗೆ ಹೆಣೆದು ಲೆಕ್ಕ ಹಾಕಬೇಕು. ನೇರವಾಗಿ ತಟ್ಟಿ ಚದುರುವುದು, ಒಳಹೊಕ್ಕು ಸ್ವಲ್ಪ ಹೊತ್ತು ಬೆರೆತು ಹೊರಬರುವುದು, ಈ ಎರಡೂ ದಾರಿಗಳು ಪರಸ್ಪರ ಪ್ರಭಾವ ಬೀರುತ್ತವೆ ಎಂದು ಎಂಗೆಲ್‌ಬ್ರೆಕ್ಟ್ ಮತ್ತು ವೈಡನ್‌ಮ್ಯೂಲರ್ 1973ರಲ್ಲೇ ತೋರಿಸಿದ್ದರು. ಆದರೆ ಯುರೇನಿಯಂ-238ರ ದತ್ತಾಂಶ ತಯಾರಿಸುವ ಲೆಕ್ಕದೊಳಗೆ ಅದು ಪೂರ್ಣವಾಗಿ ಸೇರಿದ್ದು ಕಳೆದ ದಶಕದಲ್ಲಷ್ಟೇ. ಸೇರಿಸಿದಾಗ ಅಸ್ಥಿತಿಸ್ಥಾಪಕ ಚದುರಿಕೆ ಹೆಚ್ಚಾಯಿತು.

ಮೂರನೆಯ ದಾರಿ ಎಲ್ಲವನ್ನೂ ಒಟ್ಟಿಗೆ ಎಣಿಸುವುದು. ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನಲ್ಲಿರುವ ರೆನ್ಸಲೇರ್ ಸಂಸ್ಥೆಯ ವೇಗವರ್ಧಕದಲ್ಲಿ ಮಾದರಿಯನ್ನು ಮೂಲದಿಂದ ಸುಮಾರು 30 ಮೀಟರ್ ದೂರದಲ್ಲಿಟ್ಟು ಸುತ್ತಲೂ ಎಂಟು ದ್ರವ ಸಿಂಟಿಲೇಟರ್ ಡಿಟೆಕ್ಟರುಗಳನ್ನು ನಿಲ್ಲಿಸುತ್ತಾರೆ. ಇಲ್ಲಿ ಒಂದೊಂದು ಮಟ್ಟವನ್ನು ಬೇರ್ಪಡಿಸುವ ಗೋಜಿಲ್ಲ. ಒಂದೊಂದು ಕೋನದಲ್ಲಿ ಎಷ್ಟು ನ್ಯೂಟ್ರಾನ್ ಯಾವಾಗ ಬಂತು ಎಂದು ಎಣಿಸಿ, ಬೇರೆ ಬೇರೆ ದತ್ತಾಂಶ ಗ್ರಂಥಾಲಯಗಳು, ಅಂದರೆ ರಿಯಾಕ್ಟರ್ ಲೆಕ್ಕಗಳಿಗೆಂದು ಇಂಥ ಅಂಕಿಗಳನ್ನು ಒಟ್ಟುಗೂಡಿಸಿಟ್ಟ ಸಂಗ್ರಹಗಳು, ಊಹಿಸುವ ಎಣಿಕೆಯ ಪಕ್ಕದಲ್ಲಿ ಇಟ್ಟು ನೋಡುತ್ತಾರೆ. ಯಾವ ಗ್ರಂಥಾಲಯ ಎಲ್ಲಿ ಎಡವಿದೆ ಎಂದು ಇದು ಸ್ಪಷ್ಟವಾಗಿ ಹೇಳುತ್ತದೆ. ಎಡವಿದ್ದು ಯಾವ ಮಟ್ಟದ ತಪ್ಪಿನಿಂದ ಎಂದು ಹೇಳುವುದಿಲ್ಲ.

ಇನ್ನು ನಾಲ್ಕನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ಎಚ್ಚರದಿಂದ ನೋಡಬೇಕಾದದ್ದು. ಲಾಸ್ ಅಲಾಮೋಸ್‌ನಲ್ಲಿ ಗೊಡೈವಾ, ಜೆಜೆಬೆಲ್, ಫ್ಲ್ಯಾಟ್‌ಟಾಪ್, ಬಿಗ್ ಟೆನ್ ಎಂಬ ಹೆಸರಿನ ಜೋಡಣೆಗಳಿದ್ದವು. ಗೊಡೈವಾ ಸಮೃದ್ಧ ಯುರೇನಿಯಂನ ಬರಿಯ ಗೋಳ, ಜೆಜೆಬೆಲ್ ಪ್ಲುಟೋನಿಯಂನದು, ಫ್ಲ್ಯಾಟ್‌ಟಾಪ್‌ನಲ್ಲಿ ವಿದಳನಶೀಲ ಗೋಳದ ಸುತ್ತ ನೈಸರ್ಗಿಕ ಯುರೇನಿಯಂನ ದಪ್ಪ ಕವಚ. ಇವು ಯಾವ ಗಾತ್ರದಲ್ಲಿ ಸರಪಳಿ ಕ್ರಿಯೆಯ ಹೊಸ್ತಿಲು ತಲುಪುತ್ತವೆ ಎಂಬುದನ್ನು ಅತ್ಯಂತ ನಿಖರವಾಗಿ, ಶೇ 0.2ರ ಆಸುಪಾಸಿನ ಅನಿಶ್ಚಿತತೆಯಲ್ಲಿ, ಅಳೆದಿದ್ದಾರೆ. ಯಾವುದೇ ಹೊಸ ದತ್ತಾಂಶ ಗ್ರಂಥಾಲಯ ಬಂದರೂ ಮೊದಲು ಇವುಗಳ ಮೇಲೆ ಅದನ್ನು ಒರೆಗೆ ಹಚ್ಚುತ್ತಾರೆ. ಇಂದಿನ ಗ್ರಂಥಾಲಯಗಳೆಲ್ಲ ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತವೆ. ಅಮೆರಿಕದ್ದೂ ಪಾಸು, ಯುರೋಪಿನದೂ ಪಾಸು, ಜಪಾನಿನದೂ ಪಾಸು.

ತೊಂದರೆ ಇರುವುದು ಆ ಪಾಸಿನಲ್ಲಿ. 2013ರಲ್ಲಿ ಸಿಯೆಲೊ ಎಂಬ ಅಂತರರಾಷ್ಟ್ರೀಯ ಯೋಜನೆ ಆರಂಭವಾಯಿತು. ಹೈಡ್ರೋಜನ್, ಆಕ್ಸಿಜನ್, ಕಬ್ಬಿಣ, ಯುರೇನಿಯಂನ ಎರಡು ಐಸೊಟೋಪು, ಪ್ಲುಟೋನಿಯಂ-239, ಈ ಆರರ ದತ್ತಾಂಶವನ್ನು ಎಲ್ಲ ದೇಶಗಳೂ ಸೇರಿ ಮತ್ತೆ ಪರಿಶೀಲಿಸುವುದು ಉದ್ದೇಶ. ಅದರ ಫಲ 2018ರಲ್ಲಿ ಬಿಡುಗಡೆಯಾದ ಅಮೆರಿಕದ ಇಎನ್‌ಡಿಎಫ್/ಬಿ-8 ಗ್ರಂಥಾಲಯದಲ್ಲಿ ಸೇರಿತು. ಆ ಪರಿಶೀಲನೆಯಲ್ಲಿ ಒಂದು ಗ್ರಂಥಾಲಯದ ಬರೀ ಅಸ್ಥಿತಿಸ್ಥಾಪಕ ಚದುರಿಕೆಯನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದರದ್ದನ್ನು ಹಾಕಿ ನೋಡಿದರು. ಆಮೇಲೆ ಸ್ಥಿತಿಸ್ಥಾಪಕದ್ದನ್ನು, ಆಮೇಲೆ ವಿದಳನದ್ದನ್ನು. ಒಂದೊಂದು ಬದಲಾವಣೆಗೂ ಜೋಡಣೆಯ ವರ್ಧನಾಂಕ (ಒಂದು ಪೀಳಿಗೆಯಿಂದ ಮುಂದಿನದಕ್ಕೆ ನ್ಯೂಟ್ರಾನ್‌ಗಳು ಎಷ್ಟು ಪಟ್ಟಾಗುತ್ತವೆ ಎಂಬ ಅಂಕಿ) ಲಕ್ಷಕ್ಕೆ ನೂರಾರು ಭಾಗ ಮೇಲಕ್ಕೋ ಕೆಳಕ್ಕೋ ಹಾರಿತು. ಎಲ್ಲವನ್ನೂ ಒಟ್ಟಿಗೆ ಬದಲಿಸಿದಾಗ ಮಾತ್ರ ಉತ್ತರ ಮತ್ತೆ ಸರಿಯಾಗಿ ಬಂತು. ಅಂದರೆ ಎರಡು ಗ್ರಂಥಾಲಯಗಳು ಬೇರೆ ಬೇರೆ ಅಂಕಿಗಳಿಂದ ಹೊರಟು ಒಂದೇ ಮೊತ್ತಕ್ಕೆ ಬಂದಿವೆ. ಒಂದರಲ್ಲಿ ಚದುರಿಕೆ ಹೆಚ್ಚಿದ್ದರೆ ಇನ್ನೇನೋ ಕಡಿಮೆಯಿದೆ. ಎರಡರಲ್ಲಿ ಒಂದಾದರೂ ತಪ್ಪು. ಎರಡೂ ತಪ್ಪಿರಬಹುದು.

ಮೊತ್ತ ಸರಿಯಿದ್ದರೆ ಸಾಲದೇ ಎನ್ನುವ ಎಂಜಿನಿಯರುಗಳಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ: ಈಗಾಗಲೇ ಕಟ್ಟಿ ನಡೆಸುತ್ತಿರುವ ರಿಯಾಕ್ಟರನ್ನೇ ಹೋಲುವ ಇನ್ನೊಂದನ್ನು ಕಟ್ಟುವುದಿದ್ದರೆ ಸಾಕು. ಆದರೆ ಸೋಡಿಯಂ ಬದಲು ಸೀಸವನ್ನು ಶೈತ್ಯಕವಾಗಿ ಬಳಸುವ ರಿಯಾಕ್ಟರ್ ಕಟ್ಟಹೊರಟರೆ? ರಷ್ಯಾ ಸೆವೆರ್ಸ್ಕ್‌ನಲ್ಲಿ 2021ರ ಜೂನ್‌ನಿಂದ ಅಂಥದೊಂದನ್ನು ಕಟ್ಟುತ್ತಿದೆ. ಬೆಲ್ಜಿಯಂನ ಮೋಲ್‌ನಲ್ಲಿ ಸೀಸ-ಬಿಸ್ಮತ್ ಮಿಶ್ರಲೋಹ ಬಳಸುವ ಮಿರ್ರಾ ಯೋಜನೆ ಇದೆ. ಅಲ್ಲಿ ನ್ಯೂಟ್ರಾನ್‌ಗಳ ಶಕ್ತಿಯ ಹಂಚಿಕೆ ಬೇರೆ. ಹಳೆಯ ಜೋಡಣೆಯಲ್ಲಿ ಪರಸ್ಪರ ರದ್ದಾಗುತ್ತಿದ್ದ ತಪ್ಪುಗಳು ಇಲ್ಲಿ ರದ್ದಾಗಬೇಕೆಂಬ ನಿಯಮವೇನಿಲ್ಲ. ಆಗ ಸುರಕ್ಷತೆಯ ಅಂಚನ್ನು ಎಷ್ಟು ಅಗಲ ಇಡಬೇಕೆಂದು ವಿನ್ಯಾಸಕಾರನಿಗೆ ಹೇಳುವವರು ಯಾರು? ಒಟ್ಟು ಪರೀಕ್ಷೆಗಳಿಗೆ ದತ್ತಾಂಶವನ್ನು ಹೊಂದಿಸಿಕೊಂಡು ತೃಪ್ತಿಪಡುವ ರೂಢಿ ಈ ಕ್ಷೇತ್ರಕ್ಕೆ ಒಳ್ಳೆಯದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಡಿಬಿಡಿಯಾಗಿ ಅಳೆಯುವ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಹೆಸರು ಬರುವುದಿಲ್ಲ, ಹಣ ಸಿಗುವುದೂ ಕಷ್ಟ. ಆದರೂ ಅದಕ್ಕೆ ಬದಲಿಯಿಲ್ಲ.

ಸೀಸದ ವಿಷಯ ಬಂದದ್ದರಿಂದ ಅದರ ಬಗ್ಗೆ ಇನ್ನೆರಡು ಮಾತು ಹೇಳಬೇಕು. ಸೀಸ-208 ಸರಳ ನ್ಯೂಕ್ಲಿಯಸ್ ಆದ್ದರಿಂದ ಅದರ ಚದುರಿಕೆಯನ್ನು ಸಿದ್ಧಾಂತಿಗಳು ಚೆನ್ನಾಗಿ ಹಿಡಿದಿದ್ದಾರೆ. ಹಾಗಾಗಿ ಅದನ್ನು ಬೇರೆ ಪ್ರಶ್ನೆಗಳಿಗೆ ಉಪಕರಣವಾಗಿ ಬಳಸುವ ಧೈರ್ಯ ಬಂತು. ಆವೇಶವಿಲ್ಲದ ನ್ಯೂಟ್ರಾನ್ ಕೂಡ ಒಳಗೆ ಆವೇಶವುಳ್ಳ ಕ್ವಾರ್ಕ್‌ಗಳಿಂದಾದದ್ದು. 82 ಪ್ರೋಟಾನ್‌ಗಳ ಪ್ರಬಲ ವಿದ್ಯುತ್ ಕ್ಷೇತ್ರದ ಹತ್ತಿರ ಹಾದುಹೋಗುವಾಗ ಅದು ತುಸು ಹಿಗ್ಗಬೇಕು. ಎಷ್ಟು ಹಿಗ್ಗುತ್ತದೆ ಎಂದು ತಿಳಿಯಲು 1991ರಲ್ಲಿ ಶ್ಮೀಡ್‌ಮಾಯರ್ ಮತ್ತು ಸಂಗಡಿಗರು ಓಕ್ ರಿಡ್ಜ್‌ನಲ್ಲಿ ಸೀಸ-208ರ ಒಟ್ಟು ಕ್ರಾಸ್ ಸೆಕ್ಷನ್ನನ್ನು 50 ಎಲೆಕ್ಟ್ರಾನ್ ವೋಲ್ಟ್‌ನಿಂದ 50 ಕೆಇವಿವರೆಗೆ ಅಳೆದು, ಅದು ಶಕ್ತಿಯೊಂದಿಗೆ ಬದಲಾಗುವ ಬಗೆಯಿಂದ ನ್ಯೂಟ್ರಾನ್‌ನ ವಿದ್ಯುತ್ ಧ್ರುವಣೀಯತೆ 1.20×10⁻³ ಘನ ಫೆಮ್ಟೊಮೀಟರ್ ಎಂದು ಪ್ರಕಟಿಸಿದರು. ಅನಂತರ ಸೀಸದಲ್ಲೇ ಅಳೆದ ಇನ್ನೊಂದು ಗುಂಪಿಗೆ ಸೊನ್ನೆಯ ಸಮೀಪದ ಉತ್ತರ ಬಂತು. ಓಕ್ ರಿಡ್ಜ್‌ನವರು ತಮ್ಮ ಅನಿಶ್ಚಿತತೆಯನ್ನು ಕಡಿಮೆ ಅಂದಾಜು ಮಾಡಿದ್ದಾರೆಂಬ ವಿಮರ್ಶೆಯೂ ಬಂತು. ಇಂದು ಬೇರೆ ವಿಧಾನಗಳಿಂದ ಸಿಕ್ಕಿರುವ ಅಂಕಿ ಅವರದ್ದರ ಹತ್ತಿರವೇ ಇದೆ. ಅಂಕಿ ಸರಿಯಾಗಿದ್ದೂ ಅದರ ಸುತ್ತಲಿನ ಅನಿಶ್ಚಿತತೆ ಪ್ರಶ್ನೆಗೊಳಗಾಯಿತು ಎಂಬುದನ್ನು ಅಳತೆಯ ಕೆಲಸ ಮಾಡುವ ಪ್ರತಿಯೊಬ್ಬರೂ ನೆನಪಿಡಬೇಕು.

ಸೀಸದ ಚದುರಿಕೆ ಬೇಕಾಗುವ ಮತ್ತೊಂದು ಜಾಗ ಭೂಗರ್ಭದ ಪ್ರಯೋಗಾಲಯ. ಜರ್ಮೇನಿಯಂ-76ರಲ್ಲಿ ನ್ಯೂಟ್ರಿನೊ ಇಲ್ಲದ ದ್ವಿಬೀಟಾ ಕ್ಷಯವನ್ನು ಹುಡುಕುವವರು 2039 ಕೆಇವಿಯಲ್ಲಿ ಒಂದು ಗೆರೆಗಾಗಿ ಕಾಯುತ್ತಾರೆ. ಹೊರಗಿನ ವಿಕಿರಣ ತಡೆಯಲು ಸುತ್ತ ಸೀಸದ ಗೋಡೆ. ಕಾಸ್ಮಿಕ್ ಕಿರಣಗಳು ಬಂಡೆಯಲ್ಲಿ ಹುಟ್ಟಿಸಿದ ನ್ಯೂಟ್ರಾನ್ ಆ ಸೀಸಕ್ಕೆ ಬಡಿದರೆ ಸೀಸ-206 ಸರಿಸುಮಾರು 2041 ಕೆಇವಿಯ ಗ್ಯಾಮಾ ಬಿಡುತ್ತದೆ. ಕಾವಲು ಗೋಡೆಯೇ ಸುಳ್ಳು ಸಂಕೇತ ಕೊಟ್ಟಂತಾಯಿತು. ಅದು ಎಷ್ಟು ಸಲ ಆಗುತ್ತದೆ ಎಂದು ತಿಳಿಯಲೆಂದೇ ಲಾಸ್ ಅಲಾಮೋಸ್‌ನಲ್ಲಿ ನೈಸರ್ಗಿಕ ಸೀಸದ ಅಳತೆ ನಡೆಯಿತು.

ಮತ್ತೆ ಯುರೇನಿಯಂಗೆ ಬರೋಣ. ಈವರೆಗೆ ಹೇಳಿದ್ದೆಲ್ಲ ವೇಗದ ನ್ಯೂಟ್ರಾನ್‌ಗಳ ಮಾತು. ನಿಧಾನ ನ್ಯೂಟ್ರಾನ್‌ಗಳಿಂದ ನಡೆಯುವ ರಿಯಾಕ್ಟರುಗಳಲ್ಲೂ ಚದುರಿಕೆ ತನ್ನ ಪಾತ್ರ ಬಿಟ್ಟಿಲ್ಲ. ನಮ್ಮ ಕೈಗಾದ ನಾಲ್ಕೂ ಘಟಕಗಳು ನೈಸರ್ಗಿಕ ಯುರೇನಿಯಂ ಉರಿಸುತ್ತವೆ. ಅದರಲ್ಲಿ ಶೇ 99.3 ಯುರೇನಿಯಂ-238. 6.67, 20.9, 36.7 ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಅದು ನ್ಯೂಟ್ರಾನ್‌ಗಳನ್ನು ಭಾರೀ ಪ್ರಮಾಣದಲ್ಲಿ ಸೆಳೆಯುತ್ತದೆ. ಇಂಧನ ಬಿಸಿಯಾದಾಗ ಈ ಸೆಳೆತದ ವ್ಯಾಪ್ತಿ ಅಗಲವಾಗಿ ರಿಯಾಕ್ಟರಿಗೆ ತಾನಾಗಿ ಲಗಾಮು ಬೀಳುತ್ತದೆ. ಡಾಪ್ಲರ್ ಪರಿಣಾಮ ಎನ್ನುವುದು ಇದನ್ನೇ. ಬಹುಕಾಲ ಲೆಕ್ಕಗಳಲ್ಲಿ, ಚದುರುವ ನ್ಯೂಕ್ಲಿಯಸ್ ನಿಶ್ಚಲವಾಗಿದೆ ಎಂದು ಭಾವಿಸಲಾಗುತ್ತಿತ್ತು. ಆದರೆ ಬಿಸಿ ಇಂಧನದಲ್ಲಿ ನ್ಯೂಕ್ಲಿಯಸ್ಸುಗಳು ಕಂಪಿಸುತ್ತಿರುತ್ತವೆ. ಈ ಸೆಳೆತದ ಶಿಖರಗಳ ಕಡಿಮೆ ಶಕ್ತಿಯ ಕಡೆಯ ಕಡಿದಾದ ಇಳಿಜಾರಿನಲ್ಲಿ, ಎದುರು ಬರುತ್ತಿರುವ ನ್ಯೂಕ್ಲಿಯಸ್ಸಿಗೆ ಬಡಿಯುವ ಸಾಧ್ಯತೆಯೇ ಹೆಚ್ಚು. ಹಾಗೆ ಬಡಿದ ನ್ಯೂಟ್ರಾನ್ ಶಕ್ತಿ ಕಳೆದುಕೊಳ್ಳುವ ಬದಲು ಪಡೆದುಕೊಂಡು ಮತ್ತೆ ಸೆಳೆತದ ಬಾಯಿಗೆ ಹಿಂತಿರುಗುತ್ತದೆ. ಕಾರ್ಲ್ಸ್‌ರೂಹೆಯ ರಾನ್ ಡಗಾನ್ ಮತ್ತು ರೆನ್ಸಲೇರ್‌ನ ತಂಡ ಸೇರಿ ಯುರೇನಿಯಂ-238ರಲ್ಲಿ ಇದನ್ನು ನೇರವಾಗಿ ಅಳೆದು ತೋರಿಸಿದರು. ಲೆಕ್ಕದಲ್ಲಿ ಇದನ್ನು ಸೇರಿಸಿದಾಗ ಲಗಾಮಿನ ಬಲ ಸುಮಾರು ಶೇ 10 ಹೆಚ್ಚಾಯಿತು. ತಪ್ಪು ಸುರಕ್ಷತೆಯ ಕಡೆಗೇ ಇತ್ತು ಎಂಬುದು ಸಮಾಧಾನ. ಅದು ಆ ಕಡೆಗೇ ಇದ್ದದ್ದು ಅದೃಷ್ಟ.

ಭಾರತದ ಮಟ್ಟಿಗೆ ಈ ಪ್ರಶ್ನೆ ದೂರದ್ದಲ್ಲ. ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ರಿಯಾಕ್ಟರಿನ ಕೋರ್ ತುಂಬುವ ಕೆಲಸ 2024ರ ಮಾರ್ಚ್‌ನಲ್ಲಿ ಆರಂಭವಾಯಿತು; ಅದರ ಇಂಧನದಲ್ಲೂ ಕವಚದಲ್ಲೂ ಯುರೇನಿಯಂ-238 ಇದೆ. ಅದರ ಮುಂದಿನ ಹಂತ ಥೋರಿಯಂ. ಥೋರಿಯಂ-232 ಕೂಡ ಉದ್ದನೆಯ ನ್ಯೂಕ್ಲಿಯಸ್. ಮೊದಲ ಮಟ್ಟ 49 ಕೆಇವಿ. ಯುರೇನಿಯಂ-238ರಲ್ಲಿ ಇರುವ ಪ್ರತಿಯೊಂದು ತೊಡಕೂ ಅದರಲ್ಲಿದೆ, ಆದರೆ ಅದರ ಮೇಲೆ ಜಗತ್ತು ಖರ್ಚು ಮಾಡಿದ ಶ್ರಮ ಯುರೇನಿಯಂಗೆ ಮಾಡಿದ್ದರ ಸಣ್ಣ ಪಾಲು. ಥೋರಿಯಂ ಬೇಕಿರುವುದು ಮುಖ್ಯವಾಗಿ ನಮಗೆ, ಆದ್ದರಿಂದ ಅಳೆಯಬೇಕಾದವರೂ ನಾವೇ. ಮುಂಬೈನ ಟಿಐಎಫ್ಆರ್‌ನ ಪೆಲೆಟ್ರಾನ್‌ನಲ್ಲಿ ಲಿಥಿಯಂ ಗುರಿಯಿಂದ ನ್ಯೂಟ್ರಾನ್ ಪಡೆದು ನಡೆಸಿದ ಪ್ರಯೋಗಗಳು ಸಾಕಷ್ಟಿವೆ. ಅಳೆದ ಅಂಕಿಗಳ ಅನಿಶ್ಚಿತತೆಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬ ಗಣಿತದಲ್ಲಿ ನಮ್ಮ ಮಣಿಪಾಲದ ಸಂಖ್ಯಾಶಾಸ್ತ್ರ ವಿಭಾಗ, ಬಿಎಆರ್‌ಸಿಯ ಪರಮಾಣು ದತ್ತಾಂಶ ತಜ್ಞರೊಂದಿಗೆ ಸೇರಿ ಕೆಲಸ ಮಾಡಿದೆ. ಶೇ 20 ಮತ್ತು ಶೇ 3ರ ನಡುವಿನ ಅಂತರವನ್ನು ಮುಚ್ಚುವಲ್ಲಿ ಈ ಗಣಿತದ ಪಾಲು ಡಿಟೆಕ್ಟರಿನ ಪಾಲಿಗೆ ಸಮ. ಅದನ್ನು ಬದಿಗಿಟ್ಟ ಅಳತೆಯನ್ನು ಇಂದು ದತ್ತಾಂಶ ಗ್ರಂಥಾಲಯಗಳು ಅರೆಮನಸ್ಸಿನಿಂದಲೇ ಸ್ವೀಕರಿಸುತ್ತವೆ.

ಕಿರಿದಾದ ತುಣುಕುಗಳಲ್ಲಿ ನ್ಯೂಟ್ರಾನ್ ಕೊಡುವ, ಉದ್ದನೆಯ ಹಾರಾಟದ ದಾರಿಯಿರುವ, ಚದುರಿಕೆಯ ಅಳತೆಗೆಂದೇ ಮೀಸಲಾದ ಒಂದು ವೇಗವರ್ಧಕ ಕೇಂದ್ರ ದೇಶದಲ್ಲಿ ಬೇಕು. ಅದು ರಿಯಾಕ್ಟರಿನಷ್ಟು ದುಬಾರಿಯಲ್ಲ. ಗೀಲ್, ಟ್ರಾಯ್‌ನಂಥ ಸಣ್ಣ ಊರುಗಳಲ್ಲಿ ಅಂಥವು ದಶಕಗಳಿಂದ ನಡೆದಿವೆ. ಪರಮಾಣು ಶಕ್ತಿ ಇಲಾಖೆ ವಿಶ್ವವಿದ್ಯಾಲಯಗಳನ್ನು ಜೊತೆಗೆ ಸೇರಿಸಿಕೊಂಡು ಅದನ್ನು ಕೈಗೆತ್ತಿಕೊಳ್ಳಲಿ, ಥೋರಿಯಂ-232ರ 49 ಕೆಇವಿ ಮಟ್ಟದಿಂದ ಕೆಲಸ ಆರಂಭಿಸಲಿ.